ಗಡಿಯಾರ ಹಿಂದೆ ಬಿದ್ದಿತ್ತು, ಎರಡು ಗಂಟೆಯ ಕೆಲಸ ಹೋಯಿತು

ಕಳೆದ ವಾರ ನನ್ನ ಎರಡು ಗಂಟೆಯ ಬರವಣಿಗೆ ಅಳಿಸಿಹೋಯಿತು. ವೈರಸ್ ಅಲ್ಲ, ಹಾರ್ಡ್ ಡಿಸ್ಕ್ ಕೆಟ್ಟಿದ್ದೂ ಅಲ್ಲ. ಡೆಸ್ಕ್‌ಟಾಪಿನ ಗಡಿಯಾರ ಮೂರು ಗಂಟೆ ಹಿಂದಿತ್ತು, ಅಷ್ಟೇ.

ಲ್ಯಾಪ್‌ಟಾಪು, ಡೆಸ್ಕ್‌ಟಾಪು ಎರಡರಲ್ಲೂ ಒಂದೇ ಫೋಲ್ಡರ್ ಇರಲಿ ಅಂತ ಸಿಂಕ್ ಪ್ರೋಗ್ರಾಂ ಹಾಕಿಕೊಂಡಿದ್ದೆ. ಯಾವ ಪ್ರತಿ ಹೊಸದೋ ಅದನ್ನು ಹಳೆಯದರ ಮೇಲೆ ಹಾಕುವುದು ಅದರ ಕೆಲಸ. ಮಧ್ಯಾಹ್ನ 2:10ಕ್ಕೆ ಲ್ಯಾಪ್‌ಟಾಪಿನಲ್ಲಿ ಫೈಲ್ ಸೇವ್ ಮಾಡಿ ಡೆಸ್ಕ್‌ಟಾಪಿಗೆ ಬಂದೆ. 4:30ರವರೆಗೆ ಕೂತು ಬರೆದೆ, ಸೇವ್ ಮಾಡಿದೆ. ಆದರೆ ಆ ಫೈಲಿಗೆ ಬಿದ್ದ ಸಮಯ 1:25! ಪ್ರೋಗ್ರಾಂ ಲೆಕ್ಕದಲ್ಲಿ ನಾನು ಆಗಷ್ಟೇ ಬರೆದದ್ದೇ ಹಳೆಯದು. ಅದರ ಮೇಲೆ 2:10ರ ಪ್ರತಿ ಬಂದು ಕೂತಿತು.

ಸೆಟ್ಟಿಂಗ್ಸ್ ತೆಗೆದು ನೋಡಿದೆ. ಸಮಯ ತಾನಾಗಿ ಹೊಂದಿಕೊಳ್ಳುವ ಸ್ವಿಚ್ ಆನ್ ಆಗಿಯೇ ಇತ್ತು. ಅದರ ಕೆಳಗೆ, ಕೊನೆಯ ಸಾರಿ ಸಿಂಕ್ ಆದ ದಿನಾಂಕ ಐದು ತಿಂಗಳ ಹಿಂದಿನದು. ಆಗಲೇ ನಾನು ರೂಟರಿನ ಫೈರ್‌ವಾಲ್‌ನಲ್ಲಿ (ಬೇಡದ ಸಂಪರ್ಕ ತಡೆಯುವ ವ್ಯವಸ್ಥೆ) ಬೇಡವೆನಿಸಿದ ಪೋರ್ಟ್‌ಗಳನ್ನೆಲ್ಲ, ಅಂದರೆ ಡೇಟಾ ಓಡಾಡುವ ಬಾಗಿಲುಗಳನ್ನೆಲ್ಲ, ಮುಚ್ಚಿದ್ದು. ಇಂಟರ್ನೆಟ್‌ನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಎಂಬ ವ್ಯವಸ್ಥೆ ಕೆಲಸ ಮಾಡುವುದು ಯುಡಿಪಿ (ಡೇಟಾ ಕಳಿಸುವ ಒಂದು ವಿಧಾನ) 123ನೇ ಪೋರ್ಟ್ ಮೂಲಕ. ಅದೂ ಮುಚ್ಚಿಹೋಗಿತ್ತು. ಒಂದು ಎಚ್ಚರಿಕೆಯ ಮೆಸೇಜೂ ಬರಲಿಲ್ಲ. ಜೊತೆಗೆ ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ (ಸಿಆರ್2032) ಸೋತಿತ್ತು. ಪ್ಲಗ್ ತೆಗೆದಾಗಲೆಲ್ಲ ಗಡಿಯಾರ ನಿಂತು ನಿಂತು ಓಡುತ್ತಿತ್ತು. ಹಿಂದೆ ಎರಡು ಸಾರಿ ಹತ್ತು ನಿಮಿಷ ತಪ್ಪಿದ್ದು ಕಣ್ಣಿಗೆ ಬಿದ್ದಿತ್ತು. ಕೈಯಲ್ಲೇ ಸರಿಮಾಡಿ ಸುಮ್ನಾಗಿದ್ದೆ. ಅಲ್ಲೇ ತಪ್ಪಾಗಿದ್ದು. ಗಡಿಯಾರ ಮತ್ತೆ ಮತ್ತೆ ಹಿಂದೆ ಬೀಳುತ್ತಿದ್ದರೆ ಕಾರಣ ಹುಡುಕಲೇಬೇಕು.

ಬ್ಯಾಟರಿ ಬದಲಿಸಿದ ಮೇಲೆ ಇನ್ನೊಂದು ತೊಡಕು. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಪೋರ್ಟ್ ತೆರೆದಿದ್ದರೂ ಸಿಂಕ್ ಆಗಲಿಲ್ಲ. ಮನೆಬಳಕೆಯ ವಿಂಡೋಸ್‌ನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ಸಮಯದ ಸೇವೆ ಸಾಮಾನ್ಯವಾಗಿ ತಿದ್ದಲು ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ ಸಮಯ ಹೊಂದಿಸುವ ಹಳೆಯ ಪ್ರೋಗ್ರಾಂ ಎನ್‌ಟಿಪಿಡಿ ಇನ್ನೂ ಬಿಗಿ, 1000 ಸೆಕೆಂಡ್ ದಾಟಿದರೆ ನಿಂತೇಬಿಡುತ್ತದೆ. ಮೊದಲು ದಿನಾಂಕ, ಸಮಯವನ್ನು ಕೈಯಲ್ಲಿ ಹತ್ತಿರಕ್ಕೆ ತಂದು, ಆಮೇಲೆ ಸಿಂಕ್ ಬಟನ್ ಒತ್ತಿದೆ. ಒಂದೇ ಕ್ಷಣದಲ್ಲಿ ಸರಿಹೋಯಿತು.

ಸ್ವಿಚ್ ಆನ್ ಇದೆ ಅಂತ ನಂಬಿ ಕೂರಬೇಡಿ, ಕೊನೆಯ ಸಿಂಕ್ ಯಾವಾಗ ಆಗಿದೆ ಅಂತ ಇವತ್ತೇ ನೋಡಿ. ಫೈರ್‌ವಾಲ್ ಮುಟ್ಟಿದ ಮೇಲಂತೂ ನೋಡಲೇಬೇಕು. ಎರಡು ಕಂಪ್ಯೂಟರ್ ನಡುವೆ ಫೈಲ್ ಸಿಂಕ್ ಮಾಡುವವರು ಹಳೆಯ ಪ್ರತಿಗಳನ್ನು ಉಳಿಸಿಡುವ ಆಯ್ಕೆಯನ್ನೂ ಆನ್ ಮಾಡಿಕೊಳ್ಳಿ. ನಾನು ಮಾಡಿರಲಿಲ್ಲ.