18 ನಿಮಿಷ ನುಂಗಿಹಾಕಿದ ‘ಬ್ಲಡ್ ಸಿಂಪಲ್’: ಹಣ ಕಳಿಸುವ ಮುನ್ನ ಓದಿ

ಅಮೆರಿಕದ ನಿರ್ದೇಶಕರಾದ ಕೋಯೆನ್ ಸಹೋದರರ ಮೊದಲ ಚಿತ್ರ ‘ಬ್ಲಡ್ ಸಿಂಪಲ್’ (1984) ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಟೆಲಿಗ್ರಾಂ ಚಾನೆಲ್ಲೊಂದರಲ್ಲಿ ‘ಪೂರ್ತಿ ಸಿನಿಮಾ, ಒಳ್ಳೆಯ ಪ್ರಿಂಟ್’ ಎಂದು ಬರೆದಿದ್ದನ್ನು ನಂಬಿ 150 ರೂಪಾಯಿ ಕಳಿಸಿ, ಫೈಲ್ ಇಳಿಸಿಕೊಂಡು, ತಮ್ಮನನ್ನೂ ಕೂರಿಸಿಕೊಂಡು ನೋಡಿದೆ. ಹೋದ ಹಣಕ್ಕಿಂತ, ಇಂಥ ಚಿತ್ರವನ್ನು ಮೊದಲ ಸಲ ಹೀಗೆ ಕತ್ತರಿಸಿದ ಪ್ರತಿಯಲ್ಲಿ ನೋಡಬೇಕಾಯಿತಲ್ಲ ಎಂಬ ಸಂಕಟವೇ ದೊಡ್ಡದು. (ಮುಂದೆ ಕಥೆಯ ಕೆಲವು ಗುಟ್ಟುಗಳಿವೆ.)

ಟೆಕ್ಸಾಸ್‌ನ ಬಾರ್ ಮಾಲೀಕ ಮಾರ್ಟಿ, ತನ್ನ ಹೆಂಡತಿ ಆ್ಯಬಿಗೂ ಬಾರಿನಲ್ಲಿ ಕೆಲಸ ಮಾಡುವ ರೇ ಎಂಬವನಿಗೂ ಸಂಬಂಧವಿದೆಯೆಂದು ತಿಳಿದು, ಹೊಟ್ಟೆಕಿಚ್ಚಿನಿಂದ ಕುದಿದು, ಇಬ್ಬರನ್ನೂ ಮುಗಿಸಲು ಖಾಸಗಿ ಪತ್ತೇದಾರನೊಬ್ಬನಿಗೆ 10,000 ಡಾಲರ್ ಸುಪಾರಿ ಕೊಡುತ್ತಾನೆ. ಅಲ್ಲಿಂದ ಮುಂದೆ ಒಬ್ಬರ ಕೃತ್ಯವನ್ನು ಇನ್ನೊಬ್ಬರ ತಲೆಗೆ ಕಟ್ಟಿಕೊಂಡು ಎಲ್ಲರೂ ಎಡವುತ್ತಾ ಹೋಗುತ್ತಾರೆ. ನಿಜ ಗೊತ್ತಿರುವುದು ನೋಡುತ್ತಿರುವ ನಮಗೆ ಮಾತ್ರ. ಮೈ ನಡುಗುತ್ತಿರುವಾಗಲೇ ನಗುವೂ ಉಕ್ಕಿಬರುವುದು ಆ ಅರಿವಿನಿಂದ.

ಕತ್ತರಿ ಬಿದ್ದದ್ದು ಸರಿಯಾಗಿ ಅದಕ್ಕೇ. ಮಾರ್ಟಿಯ ಮೇಜಿನ ಮೇಲಿಟ್ಟ ಸತ್ತ ಮೀನುಗಳ ಕೆಳಗೆ ಪತ್ತೇದಾರನ ಲೈಟರ್ ಉಳಿದುಬಿಡುವ ದೃಶ್ಯವೇ ನಮ್ಮ ಪ್ರತಿಯಲ್ಲಿ ಇರಲಿಲ್ಲ. ಹೀಗಾಗಿ ಪತ್ತೇದಾರ ಆಮೇಲೆ ಏಕೆ ಅಷ್ಟು ಕಂಗಾಲಾದನೆಂಬುದು ನಮಗೆ ಅರ್ಥವೇ ಆಗಲಿಲ್ಲ. ರೇ ರಾತ್ರಿ ಹೊಲದಲ್ಲಿ, ಕಾರಿನ ದೀಪದ ಬೆಳಕಿನಲ್ಲಿ, ಇನ್ನೂ ಜೀವವಿರುವ ಮನುಷ್ಯನನ್ನು ಹೂಳುವ ಪ್ರಸಂಗ ಹೆಚ್ಚುಕಡಿಮೆ ಮಾತೇ ಇಲ್ಲದೆ ನಿಮಿಷಗಟ್ಟಲೆ ಸಾಗಬೇಕು. ನಮಗೆ ಸಿಕ್ಕಿದ್ದರಲ್ಲಿ ಕಾರು ನಿಂತಿತು, ಬೆಳಗಾಯಿತು, ಅಷ್ಟೆ. ಸಾಲದ್ದಕ್ಕೆ, ಛಾಯಾಗ್ರಾಹಕ ಬ್ಯಾರಿ ಸೋನೆನ್‌ಫೆಲ್ಡ್ ಅಷ್ಟು ಜತನದಿಂದ ಸೆರೆಹಿಡಿದ ಕತ್ತಲೆಯನ್ನು ಯಾರೋ ಬೆಳಕು ಏರಿಸಿ ಬೂದಿ ಬಣ್ಣಕ್ಕೆ ತಿರುಗಿಸಿದ್ದರು.

ಮುಂದೊಂದು ದಿನ ಸ್ನೇಹಿತರ ಮನೆಯಲ್ಲಿ ಡಿಸ್ಕ್ ಹಾಕಿ ನೋಡಿದಾಗಲೇ ಇದೆಲ್ಲ ತಿಳಿದದ್ದು. ಮೂಲ ಚಿತ್ರ ಸುಮಾರು 99 ನಿಮಿಷದ್ದು. ನಿರ್ದೇಶಕರೇ ಮುಂದೆ ತಿದ್ದಿದ ಆವೃತ್ತಿಯೂ ಉಂಟು, ಅದು ಮೂಲಕ್ಕಿಂತ ಸುಮಾರು ಮೂರು ನಿಮಿಷ ಚಿಕ್ಕದು, ಅದನ್ನು ಧಾರಾಳವಾಗಿ ನೋಡಬಹುದು. ನನಗೆ ಬಂದದ್ದು 81 ನಿಮಿಷದ್ದು. ಆದ್ದರಿಂದ ಪ್ಲೇ ಒತ್ತುವ ಮುನ್ನ ಅವಧಿಯನ್ನು ನೋಡಿ. 95ಕ್ಕಿಂತ ತೀರಾ ಕಡಿಮೆಯಿದ್ದರೆ ಅಲ್ಲಿಗೇ ನಿಲ್ಲಿಸಿ. ಇಂಥ ಚಾನೆಲ್‌ಗಳಿಗೆ ಹಣವನ್ನಂತೂ ಕಳಿಸಲೇಬೇಡಿ. ಉಳಿದ 18 ನಿಮಿಷ ಎಲ್ಲಿ ಎಂದು ನಾನು ಕೇಳಿದ ಮರುಕ್ಷಣವೇ ಅವರು ನನ್ನನ್ನು ಬ್ಲಾಕ್ ಮಾಡಿದರು.