ದುಬೈ ವರ್ಕ್ ವೀಸಾ ಅಂತ ಹೇಳಿ ವಿಸಿಟ್ ವೀಸಾ ಕೈಗಿಡ್ತಾರೆ, ದಾವಣಗೆರೆ ಕಡೆಯೋರು ದಯವಿಟ್ಟು ಓದಿ

ದಾವಣಗೆರೆ, ಹರಿಹರ, ಚನ್ನಗಿರಿ, ಜಗಳೂರು ಕಡೆ ಯಾರ ಮನೇಲಾದ್ರೂ ಹುಡುಗ್ರು ದುಬೈಗೆ ಹೋಗ್ತೀನಿ ಅಂತ ಏಜೆಂಟ್ ಹಿಂದೆ ಓಡಾಡ್ತಿದ್ರೆ ದುಡ್ಡು ಕಟ್ಟೋಕೆ ಮುಂಚೆ ಇದನ್ನ ಪೂರ್ತಿ ಓದಿ. ಉದ್ದ ಐತೆ, ಆದ್ರೂ ಓದಿ. ನನ್ನ ತಮ್ಮನಿಗೆ ವರ್ಕ್ ವೀಸಾ ಮಾಡಿಸಿಕೊಡ್ತೀನಿ ಅಂತ 1,65,000 ರೂಪಾಯಿ ತಗೊಂಡು ಕೊನೆಗೆ ಕೈಗೆ ಕೊಟ್ಟಿದ್ದು ವಿಸಿಟ್ ವೀಸಾ. ಊರು ನೋಡೋಕೆ ಹೋಗೋರಿಗೆ ಕೊಡ್ತಾರಲ್ಲ, ಆ ವೀಸಾ. ಬರೀವಾಗ ಈಗ್ಲೂ ಕೈ ನಡುಗ್ತಿದೆ ನಂಗೆ.

ಆಫೀಸಿನ ಹೆಸರು ಇಲ್ಲಿ ಹಾಕ್ತಿಲ್ಲ, ವಕೀಲರು ಈಗ್ಲೇ ಬೇಡ ಅಂದಿದಾರೆ. ಸಿಟಿ ಒಳಗೇ ಐತೆ, ಮೊಬೈಲ್ ಅಂಗಡಿ ಮೇಲೆ ಫಸ್ಟ್ ಫ್ಲೋರು, ಎಸಿ, ಸೋಫಾ, ಗೋಡೆ ತುಂಬಾ ವಿಮಾನದ ಫೋಟೋ. ಇಂಥವು ಈಗ ಒಂದಲ್ಲ, ಎಷ್ಟೋ ಆಗಿವೆ.

ನನ್ನ ತಮ್ಮ ಐಟಿಐ ಎಲೆಕ್ಟ್ರಿಷಿಯನ್. ಒಂದು ಅಕ್ಕಿ ಮಿಲ್ಲಲ್ಲಿ ಮೇಂಟೆನೆನ್ಸ್ ನೋಡ್ಕೊಳ್ತಿದ್ದ, ಸಂಬಳ ಮನೆ ಬಾಡಿಗೆ ರೇಷನ್ನಿಗೆ ಸರಿಹೋಗ್ತಿತ್ತು ಅಷ್ಟೇ. ನಮ್ಮಪ್ಪ ಕಾಟನ್ ಮಿಲ್ಲಲ್ಲಿ ದುಡಿದೋರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು ಈ ಊರನ್ನ, ಆ ಮಿಲ್ಲುಗಳು ಒಂದೊಂದೇ ಮುಚ್ಚಿದ್ಮೇಲೆ ನಮ್ಮಂಥ ಮನೆ ಹುಡುಗ್ರು ಬೆಂಗಳೂರಿಗೆ ಇಲ್ಲಾ ಗಲ್ಫಿಗೆ ಹೋಗಬೇಕು, ಬೇರೆ ಏನೈತೆ ಹೇಳಿ. ಅದನ್ನ ಈ ಏಜೆಂಟ್‌ಗಳು ಚೆನ್ನಾಗಿ ತಿಳ್ಕೊಂಡಿದಾರೆ.

ಏಜೆಂಟ್ ಮೊದಲು ರಿಜಿಸ್ಟ್ರೇಷನ್ ಅಂತ 10,000 ಕೇಳಿದ. ಆಮೇಲೆ ಒಂದು ಲಾಡ್ಜಿನ ಹಾಲಲ್ಲಿ ಇಂಟರ್‌ವ್ಯೂ ಮಾಡಿದ್ರು, ಕೋಟು ಹಾಕ್ಕೊಂಡಿರೋ ಒಬ್ಬ ವಿಡಿಯೋ ಕಾಲಲ್ಲಿ ಇಂಗ್ಲಿಷ್ ಹಿಂದಿ ಮಿಕ್ಸ್ ಮಾಡಿ ವೈರಿಂಗ್ ಬಗ್ಗೆ ಏನೇನೋ ಕೇಳಿದ, ಸೆಲೆಕ್ಟ್ ಅಂದ. 2,200 ದಿರ್ಹಾಮ್ ಸಂಬಳ, ರೂಮು ಊಟ ಕಂಪನಿದು. ಲೆಕ್ಕ ಹಾಕಿದ್ರೆ ತಿಂಗಳಿಗೆ ನಮ್ಮ ದುಡ್ಡಲ್ಲಿ 50 ಸಾವಿರ ಹತ್ರ. ಆಫರ್ ಲೆಟರ್ ಅಂತ ಪಿಡಿಎಫ್ ಬಂತು, ಅದಕ್ಕೆ 55,000. ಆಮೇಲೆ "ವೀಸಾ ಸ್ಟ್ಯಾಂಪಿಂಗ್"ಗೆ ಒಂದು ಲಕ್ಷ, ಜೊತೆಗೆ ಒರಿಜಿನಲ್ ಪಾಸ್‌ಪೋರ್ಟ್ ಇಸ್ಕೊಂಡ. ಅವ್ವನ ಸರ ಅಡ ಇಟ್ವಿ, ಉಳಿದಿದ್ದು ಸಂಘದ ಸಾಲ ನನ್ನ ಹೆಸರಲ್ಲಿ.

ಈಗ ಗೊತ್ತಾಗಿರೋದು ಕೇಳಿ. ದುಬೈಗೆ ಕೆಲಸಕ್ಕೆ ಹೋಗೋಕೆ ಇಲ್ಲಿ ಪಾಸ್‌ಪೋರ್ಟ್ ಮೇಲೆ ಸ್ಟ್ಯಾಂಪಿಂಗ್ ಅನ್ನೋದೇ ಇಲ್ಲ. ಎಂಟ್ರಿ ಪರ್ಮಿಟ್ ಪಿಡಿಎಫ್‌ನಲ್ಲೇ ಬರೋದು, ಅದಕ್ಕೆ ಪಾಸ್‌ಪೋರ್ಟ್ ಸ್ಕ್ಯಾನ್ ಕಾಪಿ ಮತ್ತೆ ಫೋಟೋ ಸಾಕು. ಹಂಗಾದ್ರೆ ಒರಿಜಿನಲ್ ಪಾಸ್‌ಪೋರ್ಟ್ ಯಾಕೆ ಇಟ್ಕೊಂಡ? ನಾವು ತಿರುಗಿ ಬೀಳಬಾರದು ಅಂತ. ಅದಕ್ಕೇ.

ವೀಸಾ ಬಂದಿದ್ದು ರಾತ್ರಿ, ವಾಟ್ಸಾಪಲ್ಲಿ, ಟಿಕೆಟ್ ಸಮೇತ. "ಕಂಗ್ರಾಟ್ಸ್ ಬ್ರದರ್" ಅಂತ ಮೆಸೇಜು. ಒಂದು ದಿನ ಬಿಟ್ಟು ಬೆಂಗಳೂರಿಂದ ಫ್ಲೈಟು. ಬೇಕಂತಲೇ ಹಂಗೆ ಕೊನೇ ಗಳಿಗೇಲಿ ಕಳಿಸೋದು ಇವರು, ಯಾರಿಗೂ ತೋರಿಸಿ ಕೇಳೋಕೆ ಟೈಮ್ ಇರಬಾರದು. ತಮ್ಮ ಆಗ್ಲೇ ಮಿಲ್ಲಲ್ಲಿ ಕೆಲಸ ಬಿಟ್ಟಿದ್ದ. ಅವ್ವ ಶೇಂಗಾ ಚಟ್ನಿ ಪುಡಿ ಕುಟ್ಟಿ ಡಬ್ಬಿಗೆ ತುಂಬ್ತಿದ್ರು, ಪಕ್ಕದ ಮನೆಯೋರೆಲ್ಲ ಬಂದು ಹೋಗ್ತಿದ್ರು. ಶಾರ್ಜಾದಲ್ಲಿ ನಮ್ಮ ಸೋದರತ್ತೆ ಮಗ ಎಸಿ ಟೆಕ್ನಿಷಿಯನ್ ಆಗಿದಾನೆ, ಖುಷಿಗೆ ಅವನಿಗೂ ಆ ಪಿಡಿಎಫ್ ಕಳಿಸಿದೆ. ತಕ್ಷಣ ಫೋನ್ ಬಂತು.

"ಅಕ್ಕ, ಇದು ಎಂಪ್ಲಾಯ್‌ಮೆಂಟ್ ಅಲ್ಲ, ಟೂರಿಸ್ಟು. ಸ್ಪಾನ್ಸರ್ ಅಂತ ಇರೋ ಕಡೆ ನೋಡು."

ಝೂಮ್ ಮಾಡಿ ನೋಡಿದೆ. ಮೇಲೆ ಅರಬ್ಬಿ, ಅದರ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರ. ಟೂರಿಸ್ಟ್, ಸಿಂಗಲ್ ಎಂಟ್ರಿ, 60 ದಿನ. ಸ್ಪಾನ್ಸರ್, ಅಂದ್ರೆ ವೀಸಾ ಮಾಡಿಸಿದೋರು, ಅನ್ನೋ ಜಾಗದಲ್ಲಿ ಆಫರ್ ಲೆಟರಲ್ಲಿದ್ದ ಎಲೆಕ್ಟ್ರಿಕಲ್ ಕಂಪನಿ ಹೆಸರೇ ಇಲ್ಲ, ಯಾವುದೋ ಟೂರಿಸಂ ಎಲ್‌ಎಲ್‌ಸಿ ಅಂತ ಐತೆ. ಒಂದಲ್ಲ ಹತ್ತು ಸಲ ಓದಿದೆ. ಟೂರಿಸಂ. ತಮ್ಮ ಎದುರಿಗೇ ಕೂತು ಬ್ಯಾಗಿಗೆ ಹೆಸರಿನ ಚೀಟಿ ಅಂಟಿಸ್ತಿದ್ದ, ಅವನ ಮುಖ ನೋಡಿ ಹೇಳೋಕೆ ಬಾಯೇ ಬರಲಿಲ್ಲ ನಂಗೆ. ಆಗ ಹೊಟ್ಟೇಲಿ ಬೆಂಕಿ ಬಿದ್ದಂಗಾಯ್ತು.

ಏಜೆಂಟಿಗೆ ಫೋನ್ ಮಾಡಿದೆ, ಸ್ಪೀಕರಿಗೆ ಹಾಕಿ. ಅವನ ಮಾತು ಒಂದೊಂದೂ ನೆನಪೈತೆ.

"ಅಕ್ಕ ಟೆನ್ಷನ್ ಯಾಕೆ ತಗೋತೀರಿ, ಎಲ್ಲಾರೂ ಹಿಂಗೇ ಹೋಗೋದು. ವಿಸಿಟ್‌ನಲ್ಲಿ ಹೋಗಿ ಅಲ್ಲಿ ಕನ್ವರ್ಟ್ ಮಾಡಿಸ್ತಾರೆ."

ವರ್ಕ್ ವೀಸಾ ಅಂತ ಹೇಳಿ ತಾನೆ ದುಡ್ಡು ತಗೊಂಡಿದ್ದು ಅಂದೆ.

"ಕನ್ವರ್ಟ್ ಆದ್ಮೇಲೆ ವರ್ಕ್ ವೀಸಾನೇ ಅಲ್ವಾ ಅಕ್ಕ."

ಕಂಪನಿ ಹೆಸರು ಯಾಕಿಲ್ಲ ಅಂದೆ. "ಅದು ಪ್ರೊಸೆಸ್ಸು, ನಿಮಗೆ ಅರ್ಥ ಆಗಲ್ಲ ಬಿಡಿ."

ಏರ್‌ಪೋರ್ಟಲ್ಲಿ ಇಮಿಗ್ರೇಷನ್‌ನೋರು ಯಾಕೆ ಹೋಗ್ತಿದೀಯ ಅಂತ ಕೇಳಿದ್ರೆ ಏನು ಹೇಳಬೇಕು ನಮ್ಮ ಹುಡುಗ ಅಂದೆ. ಅದಕ್ಕೆ ಹೇಳ್ತಾನೆ, "ಟೂರಿಗೆ ಅನ್ನಬೇಕು. ರಿಟರ್ನ್ ಟಿಕೆಟ್ ಹೋಟೆಲ್ ಬುಕಿಂಗ್ ಎಲ್ಲಾ ಡಮ್ಮಿ ಹಾಕಿದೀನಿ, ಅದನ್ನ ತೋರಿಸಿದ್ರೆ ಆಯ್ತು. ಕೆಲಸ ಅಂತ ಬಾಯಿ ಬಿಟ್ರೆ ಅಲ್ಲೇ ಆಫ್‌ಲೋಡ್ ಮಾಡ್ತಾರೆ, ವಿಮಾನ ಹತ್ತಿಸಲ್ಲ, ಆಮೇಲೆ ನಂದು ಜವಾಬ್ದಾರಿ ಇಲ್ಲ."

ಕೇಳಿದ್ರಲ್ಲ? ಸರ್ಕಾರಿ ಆಫೀಸರ್ ಮುಂದೆ ಸುಳ್ಳು ಹೇಳು, ಡಮ್ಮಿ ಪೇಪರ್ ತೋರಿಸು, ಸಿಕ್ಕಿಬಿದ್ರೆ ನೀನೇ ಅನುಭವಿಸು. 1,65,000 ತಗೊಂಡೋನು ಹೇಳೋ ಮಾತು ಇದು. ಅಪ್ಪ ಫೋನ್ ಕಿತ್ಕೊಂಡು ಕಟ್ ಮಾಡಿದ್ರು. ಹುಡುಗನ್ನ ಕಳಿಸಲ್ಲ ಅಂದ್ರು, ಕಳಿಸಲಿಲ್ಲ.

ಈ ಕನ್ವರ್ಟ್ ಅನ್ನೋ ಮಾತಿಗೇ ಎಷ್ಟೋ ಜನ ಬೀಳ್ತಿರೋದು, ಯಾಕಂದ್ರೆ ಅದು ಪೂರ್ತಿ ಸುಳ್ಳಲ್ಲ. ಅಲ್ಲಿಗೆ ಹೋದ್ಮೇಲೆ ನಿಜವಾದ ಕಂಪನಿ ಕೆಲಸ ಕೊಟ್ರೆ ವಿಸಿಟ್‌ನಿಂದ ವರ್ಕ್ ವೀಸಾಗೆ ಸ್ಟೇಟಸ್ ಚೇಂಜ್ ಮಾಡಿಸೋಕೆ ಆಗುತ್ತೆ. ಆದ್ರೆ ಕಂಪನಿ ಕೊಟ್ರೆ! ಇಲ್ಲಿ ಕಂಪನಿನೇ ಇಲ್ವಲ್ಲ. ಸೋದರತ್ತೆ ಮಗ ಆಫರ್ ಲೆಟರಲ್ಲಿದ್ದ ಕಂಪನಿ ನಂಬರ್ ಹುಡುಕಿ ಫೋನ್ ಮಾಡಿದ, ಆ ಹೆಸರಿನ ಕಂಪನಿ ಐತೆ, ಆದ್ರೆ ಆ ಲೆಟರ್ ಅವರದ್ದಲ್ಲ, ಕರ್ನಾಟಕದಲ್ಲಿ ನಾವು ಯಾರನ್ನೂ ಸೆಲೆಕ್ಟ್ ಮಾಡಿಲ್ಲ ಅಂದ್ರಂತೆ. ವಿಸಿಟ್ ವೀಸಾ ಇಟ್ಕೊಂಡು ಅಲ್ಲಿ ಕೆಲಸ ಮಾಡೋದು ಕಾನೂನು ಪ್ರಕಾರ ತಪ್ಪು. ಪರ್ಮಿಟ್ ಇಲ್ಲದೆ ಕೆಲಸಕ್ಕಿಟ್ಕೊಂಡೋರಿಗೆ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಾಮ್ ತನಕ ದಂಡ ಐತೆ, ಹಂಗಿರುವಾಗ ಒಳ್ಳೇ ಕಂಪನಿ ಯಾವುದು ಇಟ್ಕೊಳ್ಳುತ್ತೆ? ವೀಸಾ ದಿನ ಮುಗಿದ್ಮೇಲೆ ಅಲ್ಲೇ ಉಳಿದ್ರೆ ದಿನಕ್ಕೆ 50 ದಿರ್ಹಾಮ್ ಫೈನು. ನಮ್ಮ ಹುಡುಗ ಹೋಗಿದ್ರೆ ಯಾವುದೋ ರೂಮಲ್ಲಿ ಹತ್ತು ಜನರ ಜೊತೆ ಬಿದ್ಕೊಂಡು ನಮ್ಮ ಹತ್ರನೇ ದುಡ್ಡು ತರಿಸ್ಕೊಂಡು ವಾಪಸ್ ಬರಬೇಕಿತ್ತು.

ಇನ್ನೊಂದು ವಿಷಯ, ಇದು ತುಂಬಾ ಮುಖ್ಯ. ಯುಎಇ ಲೇಬರ್ ಕಾನೂನಲ್ಲಿ ವೀಸಾ ಖರ್ಚು, ನೇಮಕಾತಿ ಖರ್ಚು ಎಲ್ಲಾ ಕಂಪನಿನೇ ಹಾಕಬೇಕು, ಕೆಲಸಗಾರನ ಹತ್ರ ಇಸ್ಕೊಳ್ಳೋ ಹಂಗಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇರೋ ಏಜೆಂಟು ಸರ್ವಿಸ್ ಚಾರ್ಜ್ ಅಂತ ತಗೋಬಹುದಾಗಿರೋದು ಹೆಚ್ಚಂದ್ರೆ 30,000 ಮತ್ತೆ ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 35,400. ಅಷ್ಟೇ. ಲಕ್ಷ ಅಂತ ಯಾರು ಬಾಯಿ ಬಿಟ್ರೂ ಅಲ್ಲೇ ಎದ್ದು ಬನ್ನಿ.

ಮಾರನೇ ದಿನ ಆಫೀಸಿಗೆ ಹೋದ್ವಿ. ನಿಮ್ಮ ಲೈಸೆನ್ಸ್ ತೋರಿಸಿ ಅಂದೆ. ಗೋಡೆ ಕಡೆ ಕೈ ತೋರಿಸಿದ, ಫ್ರೇಮ್ ಹಾಕಿರೋ ಮೂರು ಸರ್ಟಿಫಿಕೇಟು, ಸಿಂಹದ ಮುದ್ರೆ ಇರೋವು. ಹತ್ರ ಹೋಗಿ ಓದಿದೆ. ಒಂದು ಜಿಎಸ್‌ಟಿ ರಿಜಿಸ್ಟ್ರೇಷನ್ನು, ಒಂದು ಸಣ್ಣ ಉದ್ದಿಮೆಗೆ ಕೊಡೋ ಉದ್ಯಮ್ ಸರ್ಟಿಫಿಕೇಟು, ಇನ್ನೊಂದು ಪಾಲಿಕೆ ಟ್ರೇಡ್ ಲೈಸೆನ್ಸು. ಇವು ಕಿರಾಣಿ ಅಂಗಡಿಗೂ ಸಿಗ್ತಾವೆ. ಹೊರದೇಶಕ್ಕೆ ಕೆಲಸಕ್ಕೆ ಕಳಿಸೋಕೆ 1983ರ ಎಮಿಗ್ರೇಷನ್ ಆ್ಯಕ್ಟ್ ಪ್ರಕಾರ ವಿದೇಶಾಂಗ ಇಲಾಖೆಯ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರಂಟ್ಸ್ ಕೊಟ್ಟ ರಿಜಿಸ್ಟ್ರೇಷನ್ ಇರಬೇಕು, ಅದು ಅಲ್ಲಿ ಇರಲೇ ಇಲ್ಲ. ಕೇಳಿದ್ರೆ "ನಮ್ಮ ಮೈನ್ ಆಫೀಸ್ ಮುಂಬೈ, ಅವರದ್ದು ಐತೆ, ನಾವು ಸಬ್ ಏಜೆಂಟು" ಅಂದ. ಸಬ್ ಏಜೆಂಟ್ ಅನ್ನೋದಕ್ಕೆ ಆ ಕಾನೂನಲ್ಲಿ ಜಾಗನೇ ಇಲ್ಲ.

ದುಡ್ಡು ವಾಪಸ್ ಕೊಡಿ ಅಂದ್ರೆ ರಸೀದಿ ತೆಗೀರಿ ಅಂದ. ತೆಗೆದ್ವಿ. ಅದರಲ್ಲಿ ಅವನೇ ಬರೆದಿದ್ದು "ಟೂರ್ ಪ್ಯಾಕೇಜ್ ಮತ್ತು ಡಾಕ್ಯುಮೆಂಟೇಷನ್, ನಾನ್ ರಿಫಂಡಬಲ್" ಅಂತ. ದುಡ್ಡು ತಗೊಳೋವಾಗ ಅದೆಲ್ಲ ಆಫೀಸ್ ಫಾರ್ಮಾಲಿಟಿ ಅಂದಿದ್ದ. ಈಗ ಕಾಲ ಮೇಲೆ ಕಾಲು ಹಾಕ್ಕೊಂಡು ಹೇಳ್ತಾನೆ, "ನೋಡಿ ಮೇಡಂ, ಟೂರ್ ಪ್ಯಾಕೇಜ್ ಕೊಟ್ಟಿದೀನಿ, ವೀಸಾ ಕೊಟ್ಟಿದೀನಿ, ಟಿಕೆಟ್ ಕೊಟ್ಟಿದೀನಿ. ನಿಮ್ಮ ಹುಡುಗ ಹೋಗದೇ ಇದ್ರೆ ನಾನೇನು ಮಾಡ್ಲಿ?"

ಅಂದ್ರೆ ಮೊದಲನೇ ದಿನದಿಂದಲೇ ತಯಾರಾಗಿ ಕೂತಿದ್ದ ಇವನು. ರಸೀದಿ ಬರೆಯೋವಾಗ್ಲೇ.

ಪಾಸ್‌ಪೋರ್ಟ್ ಕೊಡಿ ಅಂದ್ರೆ ಕ್ಯಾನ್ಸಲೇಷನ್ ಚಾರ್ಜ್ 15,000 ಕೊಟ್ಟು ತಗೊಂಡು ಹೋಗಿ ಅಂದ! ನಮ್ಮ ದುಡ್ಡೂ ನುಂಗಿ ನಮ್ಮ ಪಾಸ್‌ಪೋರ್ಟಿಗೂ ದುಡ್ಡು. ಪಾಸ್‌ಪೋರ್ಟು ಭಾರತ ಸರ್ಕಾರದ ಆಸ್ತಿ, ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಐತೆ, ಏಜೆಂಟ್ ಒತ್ತೆ ಇಟ್ಕೊಳ್ಳೋಕೆ ಬರಲ್ಲ. ಇಲ್ಲಿಂದ ಸೀದಾ ಸ್ಟೇಷನ್ನಿಗೆ ಹೋಗ್ತೀನಿ ಅಂತ ಜೋರಾಗಿ ಹೇಳಿದ್ಮೇಲೆ, ಹೊರಗಡೆ ಸೋಫಾದಲ್ಲಿ ಕೂತಿದ್ದ ಬೇರೆ ಹುಡುಗ್ರು ಬಗ್ಗಿ ನೋಡೋಕೆ ಶುರು ಮಾಡಿದ್ಮೇಲೆ, ಡ್ರಾಯರ್ ತೆಗೆದು ಎಸೆದ. ಆ ಡ್ರಾಯರಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಪೋರ್ಟಿನ ಕಟ್ಟೇ ಇತ್ತು. ಎಷ್ಟು ಮನೆಯೋರ ಸಾಲ ಐತೋ ಅದರಲ್ಲಿ.

ಆಮೇಲೆ ನಮ್ಮ ಕಡೆ ಹಿರಿಯರು ಕೂತು ಮಾತಾಡಿದ್ಮೇಲೆ ಒಂದು ಲಕ್ಷಕ್ಕೆ ಚೆಕ್ ಬರೆದುಕೊಟ್ಟ. ಹಾಕಿದ್ವಿ, ಬೌನ್ಸು. ಕೇಳಿದ್ರೆ "ಮುಂದಿನ ವಾರ ಹಾಕಿ", "ಮದುವೆ ಸೀಸನ್ನು", "ಮುಂಬೈಯಿಂದ ಬಂದಿಲ್ಲ". ಕೊನೆಗೆ "ಏನಮ್ಮ ದಿನಾ ನಿಂದು ಕಾಟ, ಏನ್ ಮಾಡ್ಕೊತಿಯೋ ಮಾಡ್ಕೋ" ಅಂತ ಬ್ಲಾಕ್ ಮಾಡಿದ. ಅಕ್ಕ ಅಕ್ಕ ಅಂತ ನಮ್ಮನೇಲಿ ಕೂತು ಟೀ ಕುಡಿದು ಹೋದೋನು. ಹಿಂಗೆ ಇವತ್ತು ನಾಳೆ ಅಂತ ಎಳೆಯೋದಕ್ಕೂ ಕಾರಣ ಐತೆ. ಚೆಕ್ ಬೌನ್ಸ್ ಮೆಮೊ ಕೈಗೆ ಬಂದ 30 ದಿನದೊಳಗೆ ಲೀಗಲ್ ನೋಟಿಸ್ ಕೊಡಬೇಕು, ನೋಟಿಸ್ ತಲುಪಿ 15 ದಿನದಲ್ಲಿ ಅವನು ಕಟ್ಟಲಿಲ್ಲ ಅಂದ್ರೆ ಅದಾದ ಒಂದು ತಿಂಗಳೊಳಗೆ ಕೋರ್ಟಲ್ಲಿ ಕೇಸ್ ಹಾಕಬೇಕು. ಆ ದಿನ ಕಳೆದು ಹೋಗ್ಲಿ ಅಂತ ಕಾಯೋದು ಇವರು. ನಾವು ಬಿಟ್ಟಿಲ್ಲ, ನೋಟಿಸ್ ಹೋಗಿದೆ.

ತಮ್ಮ ಈಗ ಮನೆಯಿಂದ ಹೊರಗೆ ಹೋಗ್ತಿಲ್ಲ. ಯಾರು ಸಿಕ್ರೂ "ಏನಪ್ಪಾ ದುಬೈ ಹೋಗಲಿಲ್ವಾ" ಅಂತ ಕೇಳ್ತಾರೆ. ಕೆಲವರಂತೂ ಬೇಕಂತಲೇ ಕೇಳ್ತಾರೆ. ಮಿಲ್ಲಲ್ಲಿ ಅವನ ಜಾಗಕ್ಕೆ ಬೇರೆ ಹುಡುಗ ಬಂದಿದಾನೆ. ಮೋಸ ಮಾಡಿದೋನು ಬುಲೆಟ್ ಮೇಲೆ ಆರಾಮಾಗಿ ಓಡಾಡ್ತಾನೆ, ಮೋಸ ಹೋದೋನು ತಲೆ ತಗ್ಗಿಸಿ ಕೂರಬೇಕು. ಯಾವ ನ್ಯಾಯ ಇದು? ನಾಚಿಕೆ ಆಗಬೇಕಾಗಿರೋದು ನಮ್ಮ ಹುಡುಗನಿಗಲ್ಲ ರೀ.

ಹೋಗಲೇಬೇಕು ಅನ್ನೋರು ಇಷ್ಟು ಮಾಡಿ. ಇಮೈಗ್ರೇಟ್ ಅಂತ ಸರ್ಕಾರದ ವೆಬ್‌ಸೈಟ್ ಐತೆ, ಅದರಲ್ಲಿ ಏಜೆಂಟ್ ಹೆಸರು ರಿಜಿಸ್ಟರ್ ಆಗಿದೆಯಾ ನೋಡಿ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ್ರ ಪಾಸ್‌ಪೋರ್ಟಿಗೆ ಇಸಿಆರ್ (ಕೆಲಸಕ್ಕೆ ಹೊರದೇಶಕ್ಕೆ ಹೋಗೋಕೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು ಅನ್ನೋ ಗುರುತು) ಇರಲ್ಲ, ಹಂಗಾಗಿ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾಗಿಲ್ಲ, ಅದನ್ನೇ ಹಿಡ್ಕೊಂಡು "ನಿಮಗೆ ಯಾವ ರಿಜಿಸ್ಟ್ರೇಷನ್ನೂ ಬೇಡ" ಅಂತ ಯಾಮಾರಿಸ್ತಾರೆ. ಹುಡುಗನಿಗೆ ಕ್ಲಿಯರೆನ್ಸ್ ಬೇಡ, ಆದ್ರೆ ಏಜೆಂಟಿಗೆ ರಿಜಿಸ್ಟ್ರೇಷನ್ ಬೇಕೇ ಬೇಕು. ಅನುಮಾನ ಇದ್ರೆ ವಿದೇಶಾಂಗ ಇಲಾಖೆ ಸಹಾಯವಾಣಿ 1800 11 3090ಕ್ಕೆ ಫೋನ್ ಮಾಡಿ, ಟೋಲ್ ಫ್ರೀ. ಫೋನ್‌ಪೇ ಗೂಗಲ್‌ಪೇಲಿ ದುಡ್ಡು ಹಾಕಿ ಆಗಷ್ಟೇ ಮೋಸ ಅಂತ ಗೊತ್ತಾದ್ರೆ ಒಂದು ಗಂಟೆನೂ ಕಾಯಬೇಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿ. ರಸೀದಿ ಓದದೆ ದುಡ್ಡು ಬಿಡಬೇಡಿ. ವೀಸಾ ಪೇಪರಲ್ಲಿ ಟೂರಿಸ್ಟಾ ಎಂಪ್ಲಾಯ್‌ಮೆಂಟಾ, ಸ್ಪಾನ್ಸರ್ ಯಾರು, ಇವೆರಡು ಸಾಲು ನೀವೇ ಕಣ್ಣಾರೆ ಓದಿ.

ಲೈಸೆನ್ಸ್ ಇಲ್ಲದೆ ಈ ದಂಧೆ ಮಾಡಿದ್ರೆ ಎಮಿಗ್ರೇಷನ್ ಆ್ಯಕ್ಟಲ್ಲಿ ಎರಡು ವರ್ಷ ತನಕ ಜೈಲು ಐತೆ, ಆದ್ರೆ ದಂಡ ನೋಡಿ, ಎರಡು ಸಾವಿರ ರೂಪಾಯಿ. ಅದಕ್ಕೇ ಇವರಿಗೆ ಭಯ ಇಲ್ಲ. ವಕೀಲರು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318(4) ಹಾಕಿಸೋಣ, ವಂಚನೆಗೆ ಏಳು ವರ್ಷ ತನಕ ಐತೆ ಅಂದಿದಾರೆ. ಒಬ್ಬರೇ ಹೋದ್ರೆ "ದುಡ್ಡಿನ ವ್ಯವಹಾರ, ಕೂತು ಮಾತಾಡ್ಕೊಳ್ಳಿ" ಅಂತ ಕಳಿಸ್ತಾರೆ, ನಮಗೂ ಮೊದಲು ಹಂಗೇ ಅಂದ್ರು. ನಾಲ್ಕೈದು ಮನೆಯೋರು ಒಟ್ಟಿಗೆ ಹೋದ್ರೆ ಹಂಗೆ ಅನ್ನೋಕೆ ಆಗಲ್ಲ. ಆವತ್ತು ಆ ಸೋಫಾದಲ್ಲಿ ಕೂತಿದ್ದ ಹುಡುಗರ ಪೈಕಿ ಇಬ್ಬರ ಮನೆಯೋರು ಆಗ್ಲೇ ನಮ್ಮ ಜೊತೆ ಬರ್ತೀವಿ ಅಂದಿದಾರೆ. ಮೊಬೈಲ್ ಅಂಗಡಿ ಮೇಲಿನ ಆ ಆಫೀಸಿಗೆ ದುಡ್ಡು ಕಟ್ಟಿರೋರು ಇದ್ರೆ ರಸೀದಿ, ವಾಟ್ಸಾಪ್ ಚಾಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರೂ ಪ್ರಿಂಟ್ ತೆಗೆಸಿಟ್ಕೊಂಡು ನಂಗೆ ಮೆಸೇಜ್ ಮಾಡಿ. ಬರೋ ಸೋಮವಾರ ಬೆಳಿಗ್ಗೆ ಎಲ್ಲಾರೂ ಸೇರಿ ಎಸ್‌ಪಿ ಆಫೀಸಿಗೆ ಹೋಗ್ತಿದೀವಿ.