ಹತ್ತು ವರ್ಷ ಕೆ.ಪಿ. ರಾವ್ ಕೀಲಿಮಣೆ ಬಳಸಿದ ಮೇಲೆ

ಊರಿಗೆ ಹೊರಡುವ ಹಿಂದಿನ ದಿನ ದೊಡ್ಡಪ್ಪನಿಗೆ ಮೆಸೇಜ್ ಹಾಕಿದ್ದೆ: "ನಾಳೆ ಹಲ್ಲಿಗೆ ಬರ್ತೀನಿ." ಎರಡು ನಿಮಿಷದಲ್ಲಿ ಉತ್ತರ ಬಂತು: "ಯಾವ ಗೋಡೆದಕ್ಕೆ?"

ಇಂಗ್ಲಿಷ್ ಅಕ್ಷರ ಒತ್ತಿದರೆ ತಾನೇ ಕನ್ನಡ ಊಹಿಸಿಕೊಡುವ ಕೀಬೋರ್ಡ್ ಫೋನಿನಲ್ಲಿತ್ತು. ಹಳ್ಳಿಗೂ ಹಲ್ಲಿಗೂ ಅದಕ್ಕೆ ಒಂದೇ 'ಎಲ್'. ಪಾಪ, ಅದಾದರೂ ಏನು ಮಾಡೀತು? ಅವತ್ತು ರಾತ್ರಿಯೇ ಕೆ.ಪಿ. ರಾವ್ ಅವರು ಕನ್ನಡಕ್ಕೆಂದೇ ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಬದಲಾದೆ, ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿರುವ ಜೋಡಣೆಯೂ ಇದೇ. ಇದಕ್ಕೀಗ ಹತ್ತು ವರ್ಷ.

ಮೊದಲ ಎರಡು ವಾರ ಕೈ ಓಡಲೇ ಇಲ್ಲ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಷ ಬೇಕಾದರೆ ಎಕ್ಸ್. ಇದೇನು ಹುಚ್ಚಾಟ ಅನ್ನಿಸಿತ್ತು. ಆಮೇಲೆ ನೋಡಿದರೆ ಟಿ ಮತ್ತು ಡಿ ಕೀಲಿಗಳಲ್ಲಿ ತ, ದ ಆಗಲೇ ಕೂತಿವೆ. ಕೀಲಿಮಣೆಯಲ್ಲಿರುವುದು 26 ಅಕ್ಷರ, ನಮ್ಮವು 49. ಎಲ್ಲೋ ಒಂದು ಕಡೆ ಜಾಗ ಹುಡುಕಲೇಬೇಕಲ್ವಾ? ಮಹಾಪ್ರಾಣಗಳಿಗೆ ಶಿಫ್ಟ್. ಳ ಬೇಕಾದರೂ ಶಿಫ್ಟ್ ಒತ್ತಿ ಎಲ್. ದೊಡ್ಡಪ್ಪನ ಗೋಡೆಗೂ ನಮ್ಮ ಊರಿಗೂ ಇರುವ ಅಂತರ ಆ ಒಂದು ಶಿಫ್ಟು.

ನನಗೆ ತುಂಬಾ ಹಿಡಿಸಿದ್ದು ಎಫ್ ಕೀಲಿ. ವ್ಯಂಜನದಲ್ಲಿ 'ಅ' ಹೇಗೂ ಇದ್ದೇ ಇರುತ್ತದೆ, ಅದನ್ನು ಬೇರೆ ಒತ್ತಬೇಕಿಲ್ಲ. 'ಅ' ಬೇಡ ಅಂದಾಗ ಎಫ್ ಒತ್ತಬೇಕು. ಮುಂದೆ ಇನ್ನೊಂದು ವ್ಯಂಜನ ಬಂದರೆ ಅದು ಒತ್ತಾಗಿ ಕೆಳಗೆ ಕೂರುತ್ತದೆ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಕೀಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏಳು. ಇಂಗ್ಲಿಷಿನಲ್ಲೇ ಬೇಗ ಆಗುತ್ತದೆ ಅನ್ನುವ ನಮ್ಮ ಫ್ಯಾಮಿಲಿ ಗ್ರೂಪಿನವರಿಗೆ ಈ ಲೆಕ್ಕ ಎಷ್ಟು ಸಲ ತೋರಿಸಿದ್ದೇನೋ. ಊಟ ಆಯ್ತಾ ಅಂತ ಇಂಗ್ಲಿಷ್ ಅಕ್ಷರದಲ್ಲೇ ಕೇಳುತ್ತಾರೆ ಇವತ್ತಿಗೂ. ಅಮ್ಮನ ಕಥೆ ಬೇರೆ, ಅವರು ಬರೀ ವಾಯ್ಸ್ ಮೆಸೇಜ್.

ತಲೆನೋವೂ ಇದೆ. 'ರಾಜ್‌ಕುಮಾರ್' ಬರೆಯಲು ಹೋದರೆ ಕ ಸೀದಾ ಜ ಕೆಳಗೆ ಹೋಗಿ 'ರಾಜ್ಕುಮಾರ್' ಆಗುತ್ತದೆ. 'ರ‍್ಯಾಂಕ್' ಅಂದರೆ 'ರ್ಯಾಂಕ್' ಬರುತ್ತದೆ, ಅರ್ಕಾವತ್ತು ಹಾಕಿಕೊಂಡು. ಎರಡಕ್ಕೂ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ತುರುಕಬೇಕು: ಒಂದು ಕಡೆ ಬಿಡಿಸುವುದು, ಇನ್ನೊಂದು ಕಡೆ ಕೂಡಿಸುವುದು. ಇದು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಬಳಸುವ ಸಂಕೇತ ಪದ್ಧತಿ) ಕನ್ನಡವನ್ನು ಜೋಡಿಸುವ ರೀತಿ, ಕೀಲಿಮಣೆಯನ್ನು ಬೈದು ಪ್ರಯೋಜನವಿಲ್ಲ. ಆದರೆ ಆ ಕಾಣದ ಅಕ್ಷರ ಯಾವ ಕೀಲಿಯಲ್ಲಿದೆ ಅನ್ನುವುದು ಲ್ಯಾಪ್‌ಟಾಪಿನಲ್ಲಿ ಒಂದು ಥರ, ಫೋನಿನಲ್ಲಿ ಇನ್ನೊಂದು ಥರ. ಪ್ರತಿ ಸಲ ಹುಡುಕುತ್ತೇನೆ. ಕೆಲವೊಮ್ಮೆ ಸುಮ್ನೆ ಹಳೇ ಮೆಸೇಜಿನಿಂದ 'ರ‍್ಯಾಂಕ್' ಕಾಪಿ ಮಾಡಿಕೊಂಡು ಬಿಡುತ್ತೇನೆ.

ಯುನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಬರೆದ ಕಡತ ತೆರೆದವರಿಗೆ ಇದೆಲ್ಲ ಏನೂ ಅಲ್ಲ. ಆ ಫಾಂಟ್ ಇಲ್ಲದಿದ್ದರೆ 'ನ' ಇರಬೇಕಾದ ಕಡೆ ಪೌಂಡ್ ಗುರುತು. ನನ್ನ ಡಿಗ್ರಿ ಕಾಲದ ಪ್ರಬಂಧ ಈಗ ಬ್ರಿಟನ್ನಿನ ಬಜೆಟ್ಟಿನ ಥರ ಕಾಣುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ 'ರ‍್ಯಾಂಕ್'ಗೆ. ಊಹಿಸುವ ಕೀಬೋರ್ಡಿನಷ್ಟು ವೇಗ ನನ್ನ ಕೈಗೆ ಇನ್ನೂ ಬಂದಿಲ್ಲ, ನಿಜ. ಆದರೆ ಒತ್ತಿದ್ದೇ ಬರುತ್ತದೆ. ತಪ್ಪಾದರೆ ಅದು ನನ್ನದೇ ತಪ್ಪು.

ಹೋದ ತಿಂಗಳು ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೆ. ಅಂಗಡಿ ಹುಡುಗ ಕೀಲಿಮಣೆ ತಿರುಗಿಸಿ ನೋಡಿದ. "ಗೇಮ್ ಆಡೋರದ್ದು ಡಬ್ಲ್ಯೂ ಸವೆದಿರುತ್ತೆ ಸಾರ್. ನಿಮ್ದು ಎಫ್ ಯಾಕೆ ಹಿಂಗಾಗಿದೆ?"